200 ಕಿ.ಮೀ., ಹದಿಮೂರೂವರೆ ಗಂಟೆ, ಎದುರಿಗೆ ಘಟ್ಟ: ಸೈಕಲ್ ಬ್ರೆವೆಗೆ ಹೆಸರು ಕೊಡೋ ಮುಂಚೆ ಇದನ್ನ ಓದಿ

ಚಿಕ್ಕಮಗಳೂರು: ಮಳೆಗಾಲ ಮುಗಿದು ರಸ್ತೆ ಒಣಗಿದ್ದೇ ತಡ, ಭಾನುವಾರ ಬೆಳಿಗ್ಗೆ ನಮ್ಮ ಗಿರಿ ರಸ್ತೆಗಳಲ್ಲಿ ಸೈಕಲ್‌ಗಳು ಕಾಣಿಸಿಕೊಳ್ಳುತ್ತವೆ. ಮೊದಲೆಲ್ಲ ಬೆಂಗಳೂರಿನಿಂದ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬಂದವರೇ ಜಾಸ್ತಿ. ಈಗ ಊರಿನವರೂ ಇದ್ದಾರೆ. ಕಾಲೇಜು ಹುಡುಗರು, ಶಾಲೆ ಮೇಷ್ಟ್ರು, ಕೊರಿಯರ್ ಕೊಡೋರು, ಎಸ್ಟೇಟ್ ರೈಟರ್‌ಗಳು. ಇವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಗ ಓಡಾಡ್ತಿರೋ ಪದ 'ಬ್ರೆವೆ'. ಒಬ್ಬ ಮುಗಿಸಿ ಬಂದು ಮೆಡಲ್ ಫೋಟೊ ಸ್ಟೇಟಸ್ ಹಾಕಿದರೆ ಸಾಕು, ಹತ್ತು ಜನ 'ನಾನೂ ಮಾಡ್ಬಹುದಾ?' ಅಂತ ಕೇಳ್ತಾರೆ.

ಮಾಡಬಹುದು. ಆದರೆ ಬಯಲುಸೀಮೆಯ ಚಪ್ಪಟೆ ರಸ್ತೆಯಲ್ಲಿ 200 ಕಿ.ಮೀ. ಹೊಡೆಯೋದು ಒಂದು ಲೆಕ್ಕ, ಮಲೆನಾಡಿನ ಏರಿಳಿತದಲ್ಲಿ ಹೊಡೆಯೋದೇ ಬೇರೆ ಲೆಕ್ಕ. ಈ ಎರಡನೇ ಲೆಕ್ಕ ಗೊತ್ತಿಲ್ಲದೆ ಹೋದವರು ಸಾಮಾನ್ಯವಾಗಿ ನೂರನೇ ಕಿಲೋಮೀಟರ್ ಆಸುಪಾಸಿನಲ್ಲಿ ಯಾವುದಾದರೂ ಬಸ್ ಸ್ಟ್ಯಾಂಡ್ ಕಟ್ಟೆ ಮೇಲೆ ಕೂತಿರ್ತಾರೆ.

ಬ್ರೆವೆ ಅಂದ್ರೆ ರೇಸ್ ಅಲ್ಲ

ಇದು ಫ್ರಾನ್ಸ್‌ನಿಂದ ಬಂದ ಪದ್ಧತಿ. ಅಲ್ಲಿನ ಆಡಾಕ್ಸ್ ಕ್ಲಬ್ ಪಾರಿಸಿಯೆನ್ ಅನ್ನೋ ಸಂಸ್ಥೆ ಜಗತ್ತಿನಾದ್ಯಂತ ಒಂದೇ ನಿಯಮದಲ್ಲಿ ನಡೆಸೋ ದೂರದ ಸೈಕಲ್ ಸವಾರಿಗಳಿಗೆ ಬಿಆರ್‌ಎಂ ಅಂತ ಹೆಸರು. ನಮ್ಮ ದೇಶದಲ್ಲಿ ಇದನ್ನ ನೋಡಿಕೊಳ್ಳೋದು ಆಡಾಕ್ಸ್ ಇಂಡಿಯಾ. ಬೆಂಗಳೂರು, ಮೈಸೂರು ಕಡೆಯ ಕ್ಲಬ್‌ಗಳು ಇದರಡಿ ಸವಾರಿ ನಡೆಸುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಸಮಯ. ಈ ನಾಲ್ಕನ್ನೂ ಒಂದೇ ಸೀಸನ್‌ನಲ್ಲಿ, ಅಂದರೆ ನವೆಂಬರ್‌ನಿಂದ ಮುಂದಿನ ಅಕ್ಟೋಬರ್ ಒಳಗೆ ಮುಗಿಸಿದವರಿಗೆ 'ಸೂಪರ್ ರ‍್ಯಾಂಡೊನರ್' ಅಂತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯೋ 1,200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗೋ ದಾರಿಯೂ ಇದೇ. ಅದು ಮೊದಲು ನಡೆದದ್ದು 1891ರಲ್ಲಿ, ಮುಂದಿನದು 2027ಕ್ಕೆ.

ಇಲ್ಲಿ ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತೆಲ್ಲ ಇಲ್ಲ. ಎಂಟು ಗಂಟೆಗೆ ಮುಗಿಸಿದವರಿಗೂ ಹದಿಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಬಂದವರಿಗೂ ಒಂದೇ ಮರ್ಯಾದೆ. ದಾರಿಯಲ್ಲಿ ಕಂಟ್ರೋಲ್ ಅಂತ ಕೆಲವು ಜಾಗ ಗುರುತು ಮಾಡಿರ್ತಾರೆ. ಅಲ್ಲಿ ಕಾರ್ಡಿಗೆ ಸೀಲ್ ಹಾಕಿಸಬೇಕು, ಇಲ್ಲವೇ ಎಟಿಎಂ ಚೀಟಿ, ಅಂಗಡಿ ಬಿಲ್ ತೋರಿಸಬೇಕು. ಪ್ರತಿ ಕಂಟ್ರೋಲ್‌ಗೂ ಮುಚ್ಚೋ ಸಮಯ ಇದೆ. ಹೆಚ್ಚುಕಮ್ಮಿ ಗಂಟೆಗೆ 15 ಕಿ.ಮೀ. ಲೆಕ್ಕ. ಅದಕ್ಕಿಂತ ಹಿಂದೆ ಬಿದ್ದರೆ ಆಟ ಮುಗೀತು.

ಎಲ್ಲಕ್ಕಿಂತ ಮುಖ್ಯ ನಿಯಮ, ನಿಮ್ಮ ಸಹಾಯಕ್ಕೆ ನೀವೇ. ಹಿಂದೆ ಅಣ್ಣನ ಕಾರು, ಅದರಲ್ಲಿ ನೀರು, ತಿಂಡಿ, ಮೆಕ್ಯಾನಿಕ್ ಎಲ್ಲ ಬರೋ ಹಾಗಿಲ್ಲ. ಸಹಾಯ ಏನಿದ್ದರೂ ಕಂಟ್ರೋಲ್ ಜಾಗದಲ್ಲಿ ಮಾತ್ರ. ಪಂಚರ್ ಆದರೆ ನೀವೇ ಹಾಕ್ಕೊಬೇಕು. ಕತ್ತಲಲ್ಲಿ ಲೈಟು, ಮಿನುಗೋ ಜಾಕೆಟ್ಟು ಕಡ್ಡಾಯ. ಹೆಲ್ಮೆಟ್ ಇಲ್ಲದವರನ್ನ ಹೊರಡೋಕೇ ಬಿಡಲ್ಲ.

ಸರಾಸರಿ ಅನ್ನೋ ಮೋಸ

ಹದಿಮೂರೂವರೆ ಗಂಟೆಗೆ 200 ಅಂದ್ರೆ ಗಂಟೆಗೆ 15 ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. 'ಅಯ್ಯೋ ಇಷ್ಟೇನಾ, ನಾನು ದಿನಾ ಕೆಲಸಕ್ಕೆ ಇಪ್ಪತ್ತರಲ್ಲಿ ಹೋಗ್ತೀನಿ' ಅನ್ನೋರು ಬಹಳ. ಘಟ್ಟದಲ್ಲಿ ಈ ಮಾತು ಯಾಕೆ ನಡೆಯಲ್ಲ ಅಂತ ನೋಡಿ.

20 ಕಿ.ಮೀ. ಏರು ಇದೆ ಅಂದ್ಕೊಳ್ಳಿ. ಹವ್ಯಾಸಿ ಸವಾರ ಗಂಟೆಗೆ 8 ಕಿ.ಮೀ.ನಲ್ಲಿ ಹತ್ತುತ್ತಾನೆ. ಎರಡೂವರೆ ಗಂಟೆ. ಅದೇ 20 ಕಿ.ಮೀ. ಇಳಿಜಾರು ಗಂಟೆಗೆ 30ರಲ್ಲಿ ಇಳಿದರೆ 40 ನಿಮಿಷ. ಎಂಟು ಮೂವತ್ತು ಕೂಡಿಸಿ ಎರಡರಿಂದ ಭಾಗಿಸಿ 19 ಅನ್ನೋ ಹಾಗಿಲ್ಲ. 40 ಕಿ.ಮೀ.ಗೆ ಮೂರು ಗಂಟೆ ಹತ್ತು ನಿಮಿಷ ಆಯ್ತು, ಅಂದ್ರೆ ಸರಾಸರಿ ಹನ್ನೆರಡೂವರೆ. ಕಟ್ ಆಫ್‌ಗಿಂತ ಕೆಳಗೆ! ಇನ್ನೂ ಜೋರಾಗಿ ಇಳಿದು ವಸೂಲಿ ಮಾಡ್ತೀನಿ ಅಂದ್ರೆ? 30ರ ಬದಲು 40ರಲ್ಲಿ ಇಳಿದರೆ ಉಳಿಯೋದು ಬರೀ ಹತ್ತು ನಿಮಿಷ. ಅದಕ್ಕೆ ತೆರೋ ಬೆಲೆ ತಿರುವಿನಲ್ಲಿ ಎದುರಿಗೆ ಬರೋ ಬಸ್ಸು. ಅದೇ ಹತ್ತುವಾಗ 8ರ ಬದಲು 9ರಲ್ಲಿ ಹತ್ತಿದರೆ ಹದಿನಾರು ನಿಮಿಷಕ್ಕಿಂತ ಹೆಚ್ಚು ಉಳಿಯುತ್ತೆ. ತಯಾರಿ ಏನಿದ್ದರೂ ಏರಿಗೆ ಮಾಡಿ ಅನ್ನೋದು ಇದಕ್ಕೇ.

ಇನ್ನೊಂದು ಕಳ್ಳ ಇದೆ, ನಿಲ್ಲೋದು. ಟೀಗೆ ಹತ್ತು ನಿಮಿಷ, ತಿಂಡಿಗೆ ಅರ್ಧ ಗಂಟೆ, ಸೆಲ್ಫಿಗೆ ಐದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಮುಂದೆ ಕೂತರೆ ಯಾರಿಗೆ ಏಳೋಕೆ ಮನಸ್ಸು ಬರುತ್ತೆ? ದಿನದಲ್ಲಿ ನಿಂತಿದ್ದು ಒಟ್ಟು ಎರಡು ಗಂಟೆ ಆದರೆ ಉಳಿದ ಹನ್ನೊಂದೂವರೆ ಗಂಟೆಯಲ್ಲಿ 17ರ ಮೇಲೆ ಸರಾಸರಿ ಇಟ್ಟುಕೊಂಡು ತುಳೀಬೇಕು. ಫೇಲ್ ಆದವರನ್ನ ಕೇಳಿ, ಅರ್ಧಕ್ಕರ್ಧ ಜನ ರಸ್ತೆಯಲ್ಲಿ ಸೋತಿರಲ್ಲ, ಹೋಟೆಲ್‌ನಲ್ಲಿ ಸೋತಿರ್ತಾರೆ.

ದುಬಾರಿ ಸೈಕಲ್ ಬೇಕಾ?

ಬೇಡ. ಬೇಕಾಗಿರೋದು ಸರಿಯಾದ ಗೇರು. ಇದನ್ನ ಮೆಟ್ಟಿಲ ಲೆಕ್ಕದಲ್ಲಿ ಹೇಳ್ತೀನಿ.

2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡ್ತಿದ್ದ ಸೈಕಲ್ ನೆನಪಿದೆಯಾ? ಗೇರಿಲ್ಲದ ಆ ತರದ ಸೈಕಲ್‌ನಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಐದು ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗುತ್ತೆ. ನೂರು ಮೀಟರ್‌ಗೆ ಹತ್ತು ಮೀಟರ್ ಏರೋ ರಸ್ತೆಯಲ್ಲಿ, ಅಂದರೆ ಹತ್ತು ಪರ್ಸೆಂಟ್ ಏರಿನಲ್ಲಿ, ಪ್ರತಿ ಸುತ್ತಿಗೂ ನೀವು ಅರ್ಧ ಮೀಟರ್‌ಗಿಂತ ಮೇಲೆ ಹೋಗಬೇಕು. ಮನೆ ಮೆಟ್ಟಿಲು ಮೂರನ್ನ ಒಂದೇ ಸಲ ಹಾರಿದ ಹಾಗೆ. ಅದೂ ಸೈಕಲ್ ಹೊತ್ತುಕೊಂಡು! ಬಯಲುಸೀಮೆ ಮಕ್ಕಳು ಅದನ್ನ ಹತ್ತಿ ಹೋದರು, ಮಲೆನಾಡಿನ ಮಕ್ಕಳು ಅರ್ಧ ದಾರಿ ತಳ್ಳಿಕೊಂಡು ಹೋದರು. ಕಾಲಲ್ಲಿ ಬಲ ಇರಲಿಲ್ಲ ಅಂತಲ್ಲ.

ಈಗ ರೋಡ್ ಸೈಕಲ್ ನೋಡಿ. ಮುಂದೆ ಸಣ್ಣ ಚಕ್ರ 34, ಹಿಂದೆ ದೊಡ್ಡದು 28 ಹಲ್ಲು. ಒಂದು ಸುತ್ತಿಗೆ ಎರಡೂವರೆ ಮೀಟರ್ ಚಿಲ್ಲರೆ. ಅದೇ ಏರಿನಲ್ಲಿ ಒಂದು ಸುತ್ತಿಗೆ ಸುಮಾರು 25 ಸೆಂ.ಮೀ., ಒಂದೂವರೆ ಮೆಟ್ಟಿಲು. ಆಗುತ್ತೆ, ಆದರೆ ಐವತ್ತನೇ ಕಿ.ಮೀ. ನಂತರ ಮಂಡಿ ಮಾತಾಡೋಕೆ ಶುರು ಮಾಡುತ್ತೆ. ಇನ್ನು ಮುಂದೆ 24, ಹಿಂದೆ 34 ಹಲ್ಲು ಇರೋ ಹಳೇ ಗೇರ್ ಸೈಕಲ್ ಆದರೆ ಸುತ್ತಿಗೆ ಒಂದೂವರೆ ಮೀಟರ್, ಸರಿಯಾಗಿ ಒಂದು ಮೆಟ್ಟಿಲು. ವೇಗ ಗಂಟೆಗೆ ಐದಾರು ಕಿ.ಮೀ. ಮಾತ್ರ, ಆದರೆ ಇಡೀ ದಿನ ಹತ್ತಬಹುದು.

ಹಾಗಾಗಿ ಅಂಗಡಿಗೆ ಹೋದಾಗ 'ಎಷ್ಟು ಗೇರ್ ಇದೆ' ಅಂತ ಕೇಳಬೇಡಿ. 'ಮುಂದೆ ಚಿಕ್ಕದು ಎಷ್ಟು ಹಲ್ಲು, ಹಿಂದೆ ದೊಡ್ಡದು ಎಷ್ಟು ಹಲ್ಲು' ಅಂತ ಕೇಳಿ. ಉತ್ತರ ಗೊತ್ತಿಲ್ಲ ಅಂದ್ರೆ ನೀವೇ ಕೂತು ಎಣಿಸಿ, ನಾಚಿಕೆ ಏನಿಲ್ಲ. ಸಾಮಾನ್ಯವಾಗಿ ಹಿಂದಿನ ಕ್ಯಾಸೆಟ್ ಒಂದನ್ನ ಬದಲಾಯಿಸೋದು ಹೊಸ ಸೈಕಲ್ ತಗೊಳ್ಳೋದಕ್ಕಿಂತ ಎಷ್ಟೋ ಅಗ್ಗ. ಜೊತೆಗೆ ಎರಡು ಟ್ಯೂಬ್, ಟೈರ್ ಲಿವರ್, ಪಂಪು, ಪ್ಯಾಚು, ಅಲೆನ್ ಕೀ ಸೆಟ್ಟು. ಮನೆಯಲ್ಲಿ ಕೂತು ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಹಾಕೋದನ್ನ ಐದು ಸಲ ಮಾಡಿ ನೋಡಿ. ಆಮೇಲೆ ಕತ್ತಲಲ್ಲಿ ಒಂದು ಸಲ.

ಸೀಟಿನ ಎತ್ತರದ ಬಗ್ಗೆ ಒಂದು ಮಾತು. ಸೀಟಲ್ಲಿ ಕೂತು ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಕೆಳಕ್ಕೆ ಚಾಚಿದಾಗ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪವೇ ಬಗ್ಗಿರುತ್ತೆ. ಮಂಡಿಯ ಮುಂಭಾಗ ನೋಯ್ತಿದ್ದರೆ ಸೀಟು ತಗ್ಗಾಗಿರೋ ಸಾಧ್ಯತೆ ಜಾಸ್ತಿ, ಹಿಂಭಾಗ ನೋಯ್ತಿದ್ದರೆ ಎತ್ತರವಾಗಿದೆ ಅಂತ. ನಮ್ಮಲ್ಲಿ ಎರಡೂ ಕಾಲು ನೆಲಕ್ಕೆ ತಾಗಬೇಕು ಅಂತ ಸೀಟು ತಗ್ಗಿಸೋ ಅಭ್ಯಾಸ ಇದೆ. ಪೇಟೆಗೆ ಹೋಗಿ ಬರೋಕೆ ಸರಿ, ಘಟ್ಟಕ್ಕಲ್ಲ.

ಮೈಗೆ ಎಷ್ಟು ತಯಾರಿ

ದಿನಾ ಹತ್ತಿಪ್ಪತ್ತು ಕಿ.ಮೀ. ತುಳಿಯೋ ಆರೋಗ್ಯವಂತರಿಗೆ ಮೂರು ತಿಂಗಳು ಬೇಕು. ವಾರಕ್ಕೆ ಎರಡು ದಿನ ಒಂದೊಂದು ಗಂಟೆ, ಭಾನುವಾರ ಒಂದು ಉದ್ದ ಸವಾರಿ. ಮೊದಲ ಭಾನುವಾರ 40, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ, ಮೂರು ವಾರಕ್ಕೊಮ್ಮೆ ಒಂದು ವಾರ ಇಳಿಸಿ, ಕೊನೆಗೆ 130-140 ಮುಟ್ಟಿದರೆ ಸಾಕು. 200ನ್ನೇ ಮೊದಲೇ ಹೊಡೆದು ನೋಡಬೇಕಾಗಿಲ್ಲ. ಕೊನೇ ವಾರ ಆರಾಮಾಗಿರಿ. ವಾರದ ಎರಡು ದಿನದಲ್ಲಿ ಒಂದು ದಿನ ಏರಿಗೆ ಮೀಸಲಿಡಿ. ಹತ್ತು ನಿಮಿಷದ ಏರು ಹಿಡಿದು ಮೂರ್ನಾಲ್ಕು ಸಲ ಹತ್ತೋದು, ಇಳಿಯೋದು. ಹತ್ತುವಾಗ ಪಕ್ಕದವನ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಮಾತು ತುಂಡಾದರೆ ಇಡೀ ದಿನದ ವೇಗ ಅದಲ್ಲ.

ಊಟದ ಲೆಕ್ಕ ಬಹಳ ಜನ ಮಾಡಲ್ಲ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ತುದಿ 1,930. ವ್ಯತ್ಯಾಸ 840 ಮೀಟರ್. ಸವಾರ, ಸೈಕಲ್, ನೀರು, ಬ್ಯಾಗು ಸೇರಿ 90 ಕೆ.ಜಿ. ಅಂದ್ಕೊಂಡರೆ ಅಷ್ಟು ಎತ್ತರಕ್ಕೆ ಏರೋದಕ್ಕೇ ಸುಮಾರು ಏಳುನೂರು ಕ್ಯಾಲೊರಿ ಖರ್ಚು. ಏಳು ಬಾಳೆಹಣ್ಣಿನ ಶಕ್ತಿ ಇದು. 200ರ ಘಟ್ಟದ ಬ್ರೆವೆಯಲ್ಲಿ ಇಂಥ ಎರಡು ಮೂರು ಗಿರಿಯಷ್ಟು ಏರು ಚೂರು ಚೂರಾಗಿ ಬರಬಹುದು. ಹಸಿವಾದ ಮೇಲೆ ತಿಂತೀನಿ ಅಂದ್ರೆ ತಡ ಆಯ್ತು. ಮೊದಲ ಗಂಟೆಯಿಂದಲೇ, ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕ್ತಿರಬೇಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಅನ್ನೋದು ಒಪ್ಪಿತ ಲೆಕ್ಕ. ಜೆಲ್ ಪ್ಯಾಕೆಟ್‌ಗೆ ದುಡ್ಡು ಸುರೀಬೇಕಾಗಿಲ್ಲ. ಬಾಳೆಹಣ್ಣು, ಖರ್ಜೂರ, ಶೇಂಗಾ ಚಿಕ್ಕಿ, ಬೆಲ್ಲ ಹಾಕಿದ ಅವಲಕ್ಕಿ ಸಾಕು. ಕರಿದದ್ದು ಮಾತ್ರ ಬೇಡ, ಏರಿನಲ್ಲಿ ಬಜ್ಜಿ ಮೇಲಕ್ಕೆ ಬರುತ್ತೆ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರು ಕುಡೀತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತು, ಗೊಂದಲ ಶುರುವಾಗಬಹುದು. ಹಾಗಾಗಿ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಚಾರ್ಮಾಡಿ ಇಳಿದು ಉಜಿರೆ ಕಡೆ ಹೋಗೋ ಮಾರ್ಗ ಆದರೆ ಮೇಲಿನ ತಂಪಿಗೂ ಕೆಳಗಿನ ಸೆಕೆಗೂ ಅಜಗಜಾಂತರ. ವಾಪಸ್ ಘಟ್ಟ ಹತ್ತೋದು ಬೆವರಲ್ಲಿ ತೊಯ್ದ ಮೈಯಲ್ಲೇ. ನೋವು ಅಂತ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಗೊಂಡು ನುಂಗಿ ತುಳಿಯೋದು ಅಪಾಯ. ನೀರು ಕಮ್ಮಿಯಾದ ಮೈಯಲ್ಲಿ ಅವು ಕಿಡ್ನಿಗೆ ಪೆಟ್ಟು ಕೊಡಬಲ್ಲವು.

ನಲವತ್ತು ದಾಟಿದವರು, ಬಿಪಿ, ಶುಗರ್ ಇರೋರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಕಂಡವರು ಮೊದಲು ಡಾಕ್ಟರನ್ನ ನೋಡಿ. ಘಟ್ಟದ ಮಧ್ಯೆ ಎದೆ ಹಿಡಿದರೆ 108ಕ್ಕೆ ಫೋನ್ ಮಾಡೋಕೆ ನೆಟ್‌ವರ್ಕ್ ಇರಲ್ಲ. ಹೆದರಿಸೋಕೆ ಹೇಳ್ತಿಲ್ಲ, ನಮ್ಮ ರಸ್ತೆಗಳಲ್ಲಿ ಓಡಾಡೋ ಎಲ್ಲರಿಗೂ ಗೊತ್ತಿರೋ ವಿಷಯ ಇದು.

ಇಳಿಯೋದೇ ಕಷ್ಟದ ಕೆಲಸ

ಹತ್ತುವಾಗ ಬಿದ್ದರೆ ಮಂಡಿ ತರಚುತ್ತೆ. ಇಳಿಯುವಾಗ ಬಿದ್ದರೆ ಆಸ್ಪತ್ರೆ. ಗಿರಿ ಹತ್ತುವಾಗ ಆ 90 ಕೆ.ಜಿ.ಗೆ ಸೇರಿಕೊಂಡ ಶಕ್ತಿ ಎರಡು ಲೀಟರ್ ತಣ್ಣೀರನ್ನ ಕುದಿಸುವಷ್ಟಿದೆ. ಇಳಿಯುವಾಗ ಅದರಲ್ಲಿ ಒಂದಷ್ಟನ್ನ ಗಾಳಿ ತಿನ್ನುತ್ತೆ, ಉಳಿದದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಬ್ರೇಕನ್ನ ಮೇಲಿಂದ ಕೆಳಗಿನವರೆಗೆ ಹಿಡಿದೇ ಇದ್ದರೆ ರಿಮ್ ಕೈ ಸುಡುವಷ್ಟು ಕಾಯುತ್ತೆ, ಟ್ಯೂಬ್ ಸಿಡಿಯಬಹುದು. ನೇರ ರಸ್ತೆಯಲ್ಲಿ ಬಿಟ್ಟು, ತಿರುವು ಬರೋ ಮುಂಚೆ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬಿಟ್ಟು ಸಾಗೋದು ಸರಿಯಾದ ಕ್ರಮ. ತಿರುವಿನ ಮಧ್ಯದಲ್ಲಿ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತೆ. ಒದ್ದೆ ರಸ್ತೆಯಲ್ಲಿ ರಿಮ್ ಬ್ರೇಕ್ ಮೊದಲೆರಡು ಸುತ್ತು ಹಿಡಿಯೋದೇ ಇಲ್ಲ, ನೀರು ಒರೆಸಿಕೊಂಡ ಮೇಲೇ ಹಿಡಿತ. ರಸ್ತೆಯ ಬಿಳಿ ಪಟ್ಟಿ, ಕೊಳೆತ ಎಲೆ, ಪಾಚಿ ಕಟ್ಟಿದ ಅಂಚು ಮೂರೂ ಸೋಪಿನಂತೆ. ಹೊರಡೋ ಹಿಂದಿನ ದಿನ ಬ್ರೇಕ್ ಶೂ ಸವೆದಿದೆಯಾ ಅಂತ ನೋಡದವರು ಹೊರಡದಿದ್ದರೇ ಒಳ್ಳೇದು.

ಹೇರ್‌ಪಿನ್‌ನಲ್ಲಿ ಮೇಲೆ ಬರೋ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಆಗುಂಬೆಯ 14 ತಿರುವು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಸೈಕಲ್‌ಗೆ ಹಾರ್ನ್ ಇಲ್ಲ, ಶಬ್ದ ಇಲ್ಲ, ಡ್ರೈವರ್‌ಗೆ ನೀವು ಬರ್ತಿರೋದು ಗೊತ್ತೇ ಆಗಲ್ಲ. ಹಾಗಾಗಿ ನಿಮ್ಮ ಎಡ ಬಿಟ್ಟು ಆಚೆ ಹೋಗಲೇಬೇಡಿ.

ನಾನು ಎರಡು ಸಲ 200ಕ್ಕೆ ಹೆಸರು ಕೊಟ್ಟಿದ್ದೆ. ಒಂದನ್ನ ಮುಗಿಸಿದೆ. ಇನ್ನೊಂದರಲ್ಲಿ 150 ಚಿಲ್ಲರೆ ಕಿ.ಮೀ.ಗೆ ನಿಲ್ಲಿಸಿದೆ. ಸಂಜೆ, ತುಂತುರು, ಮಂಜು ಎಷ್ಟು ದಟ್ಟ ಅಂದ್ರೆ ಎದುರಿನ ಗಾಡಿ ಲೈಟು ಹತ್ತಿರ ಬಂದ ಮೇಲೇ ಕಾಣ್ತಿತ್ತು. ಸಮಯ ಇತ್ತು, ಕಾಲಲ್ಲಿ ಶಕ್ತಿಯೂ ಇತ್ತು. ಮುಂದೆ ಇದ್ದದ್ದು ಇಳಿಜಾರು. ಸೈಕಲನ್ನ ಬಸ್ ಟಾಪಿಗೆ ಹಾಕಿಸಿ, ಲಗೇಜ್ ಟಿಕೆಟ್ ತಗೊಂಡು ಮನೆಗೆ ಬಂದೆ. ಬ್ರೆವೆ ಭಾಷೆಯಲ್ಲಿ ಇದಕ್ಕೆ ಡಿಎನ್‌ಎಫ್ ಅಂತಾರೆ, ಮುಗಿಸಲಿಲ್ಲ ಅಂತ. ಮೆಡಲ್ ಇಲ್ಲ, ದಂಡವೂ ಇಲ್ಲ, ಮುಂದಿನ ತಿಂಗಳು ಮತ್ತೆ ಹೆಸರು ಕೊಡಬಹುದು. ಇದನ್ನ ಯಾಕೆ ಹೇಳ್ದೆ ಅಂದ್ರೆ, ಮೊದಲ ಸಲ ಹೋಗೋ ಹುಡುಗರ ತಲೆಯಲ್ಲಿ ಸ್ಟೇಟಸ್ ಹಾಕಿಬಿಟ್ಟಿದ್ದೀನಿ, ವಾಪಸ್ ಹೇಗೆ ಬರಲಿ ಅನ್ನೋ ಭಾರ ಇರುತ್ತೆ. ಆ ಭಾರ ಸೈಕಲ್‌ಗಿಂತ ಜಾಸ್ತಿ. ಸ್ಟೇಟಸ್ಸನ್ನ ಬಂದ ಮೇಲೆ ಹಾಕಿ.

ನಮ್ಮ ಜಿಲ್ಲೆಗೇ ಸೇರಿದ ಅಪಾಯಗಳು

ಬೆಂಗಳೂರಿನ ಕೋಚ್‌ಗಳ ಯೂಟ್ಯೂಬ್ ವಿಡಿಯೊದಲ್ಲಿ ಇವು ಬರಲ್ಲ. ಮೊದಲನೆಯದು ಕಾಡಾನೆ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಆನೆ ದಾಳಿಗೆ ಜೀವ ಹೋದ ಸುದ್ದಿಗಳನ್ನ ನಾವೇ ಎಷ್ಟು ಸಲ ಓದಿದ್ದೀವಿ. ಬ್ರೆವೆಗಳು ಸಾಮಾನ್ಯವಾಗಿ ಬೆಳಗಿನ ಜಾವ ಹೊರಡುತ್ತವೆ, ತಯಾರಿ ಮಾಡೋರೂ ಅದೇ ಹೊತ್ತಿಗೆ ಏಳ್ತಾರೆ. ತೋಟದಿಂದ ತೋಟಕ್ಕೆ ಆನೆ ರಸ್ತೆ ದಾಟೋದೂ ಕತ್ತಲು, ನಸುಕಿನಲ್ಲೇ. ಬೈಕ್‌ನ ಶಬ್ದ ದೂರದಿಂದ ಕೇಳುತ್ತೆ, ಸೈಕಲ್ ಆನೆಯ ಪಕ್ಕಕ್ಕೆ ಹೋಗೋವರೆಗೂ ಅದಕ್ಕೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಈ ಭಾಗದಲ್ಲಿ ಪೂರ್ತಿ ಬೆಳಕಾದ ಮೇಲೇ ಹೊರಡಿ, ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ರಾತ್ರಿ ತೋಟದವರಿಗೋ ಆನೆ ಕಾರ್ಯಪಡೆಯವರಿಗೋ ಒಂದು ಫೋನ್ ಮಾಡಿದರೆ ಹಿಂಡು ಯಾವ ಕಡೆ ಇದೆ ಅಂತ ಹೇಳ್ತಾರೆ.

ಎರಡನೆಯದು ಮಂಗನ ಕಾಯಿಲೆ. ಸೈಕಲ್‌ಗೆ ಒಳ್ಳೆಯ ಹವೆ ಇರೋ ಡಿಸೆಂಬರ್ ನಂತರದ ತಿಂಗಳುಗಳೇ ಕೊಪ್ಪ, ಎನ್.ಆರ್. ಪುರ ಕಡೆ ಉಣ್ಣೆಯಿಂದ ಈ ಜ್ವರ ಹರಡೋ ಕಾಲ. ರಸ್ತೆ ಮೇಲೆ ಹೋದರೆ ತೊಂದರೆ ಇಲ್ಲ. ಸುಸ್ತಾಯ್ತು ಅಂತ ಕಾಡಿನ ತರಗೆಲೆ ಮೇಲೆ ಮೈ ಚಾಚಬೇಡಿ, ಮೋರಿ ಕಟ್ಟೆ ಮೇಲೆ ಕೂರಿ. ನಾಯಿಗಳ ಬಗ್ಗೆ ಹೇಳೋದಾದರೆ, ಓಡಿಸಿಕೊಂಡು ಬಂದಾಗ ವೇಗ ಹೆಚ್ಚಿಸೋದಕ್ಕಿಂತ ಇಳಿದು ಸೈಕಲನ್ನ ಮಧ್ಯೆ ಇಟ್ಟು ಗದರಿಸಿದರೆ ಹೆಚ್ಚಿನವು ನಿಲ್ಲುತ್ತವೆ.

ಕೆಲವರು ಒಂದು 200 ಮುಗಿಸಿದ ಕೂಡಲೇ ಮನಾಲಿ-ಲೇಹ್ ಮಾತಾಡ್ತಾರೆ. ಕನಸು ಇರಲಿ, ಆದರೆ ಅದು ಬೇರೆಯೇ ಪರೀಕ್ಷೆ. ಆ ದಾರಿಯ ತಂಗ್‌ಲಂಗ್ ಲಾ ಕಣಿವೆ 5,300 ಮೀಟರ್ ದಾಟುತ್ತೆ, ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರ ಮಟ್ಟದ ಅರ್ಧದಷ್ಟು. ಅಲ್ಲಿ ಕಾಲಿನ ಬಲಕ್ಕಿಂತ ಮೈ ಹೊಂದಿಕೊಳ್ಳೋಕೆ ಕೊಟ್ಟ ದಿನಗಳು ಮುಖ್ಯ. ಎಂಥ ಗಟ್ಟಿ ಆಳಿಗೂ ತಲೆನೋವು, ವಾಂತಿ ಶುರುವಾದರೆ ಕೆಳಗಿಳಿಯೋದೊಂದೇ ಖಚಿತ ಮದ್ದು. ನಮ್ಮ ಗಿರಿ ಹತ್ತಿದ್ದೀನಿ ಅನ್ನೋದು ಅದಕ್ಕೆ ತಯಾರಿ ಆಗಲ್ಲ.

ಎಲ್ಲಿಂದ ಶುರು ಮಾಡೋದು

ಬ್ರೆವೆಗಳ ದಿನಾಂಕ, ಮಾರ್ಗ, ಶುಲ್ಕ ಆಡಾಕ್ಸ್ ಇಂಡಿಯಾ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಹೆಸರು ಕೊಡೋ ಮುಂಚೆ ಮಾರ್ಗದ ಒಟ್ಟು ಏರು ಎಷ್ಟು ಮೀಟರ್ ಅಂತ ನೋಡಿ. ದೂರ ಒಂದೇ ಇದ್ದರೂ ಸಾವಿರ ಮೀಟರ್ ಏರಿನ 200ಕ್ಕೂ ಎರಡೂವರೆ ಸಾವಿರದ 200ಕ್ಕೂ ಸಂಬಂಧವೇ ಇಲ್ಲ. ಮೊದಲನೆಯದನ್ನ ಬಯಲು ಮಾರ್ಗದಲ್ಲಿ ಮುಗಿಸಿ ಎರಡನೆಯದಕ್ಕೆ ಘಟ್ಟ ಆರಿಸಿಕೊಳ್ಳೋದು ಜಾಣತನ.

ಅದಕ್ಕೂ ಮುಂಚೆ ಮನೆ ಹತ್ತಿರವೇ ಎರಡು ಪರೀಕ್ಷೆ ಮಾಡ್ಕೊಳ್ಳಿ. ಒಂದು, ಚಿಕ್ಕಮಗಳೂರಿನಿಂದ ವಸ್ತಾರೆ, ಆಲ್ದೂರು ಮೇಲೆ ಬಾಳೆಹೊನ್ನೂರಿಗೆ ಹೋಗಿ ವಾಪಸ್. ನೂರರ ಹತ್ತಿರ ಬರುತ್ತೆ, ಏರಿಳಿತ ಬಿಡುವಿಲ್ಲ. ನಿಂತ ಸಮಯವೂ ಸೇರಿ ಆರೂವರೆ ಗಂಟೆಯೊಳಗೆ ಬಂದರೆ 200ರ ಕಟ್ ಆಫ್ ನಿಮ್ಮ ಕೈಗೆಟುಕುತ್ತೆ. ಇನ್ನೊಂದು, ಕೈಮರದಿಂದ ಸೀತಾಳಯ್ಯನಗಿರಿವರೆಗೆ ಎಲ್ಲೂ ಕಾಲು ನೆಲಕ್ಕೂರದೆ ಹತ್ತೋದು. ಆಗಲಿಲ್ಲ ಅಂದ್ರೆ ಕಾಲನ್ನ ಬೈಕೊಳ್ಳೋ ಮುಂಚೆ ಹಿಂದಿನ ಚಕ್ರದ ಹಲ್ಲು ಎಣಿಸಿ. ಗಿರಿ ಪ್ರದೇಶದ ಪ್ರವೇಶ ನಿಯಮ ಆಗಾಗ ಬದಲಾಗುತ್ತೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ವಾರಾಂತ್ಯ ಬಿಟ್ಟು ವಾರದ ಮಧ್ಯೆ, ಬೆಳಕು ಹರಿದ ಮೇಲೆ ಹೋಗಿ. ಶನಿವಾರ, ಭಾನುವಾರ ಚೆಕ್‌ಪೋಸ್ಟ್ ಹತ್ತಿರ ಪ್ರವಾಸಿಗರ ಕಾರುಗಳ ಸಾಲು ನಿಂತರೆ ಆ ಕಿರಿದಾದ ರಸ್ತೆಯಲ್ಲಿ ಸೈಕಲ್‌ಗೆ ಜಾಗ ಸಿಗಲ್ಲ.